ಬಾಂಜ್ ಮರದ ಪಾಠ: ಹಿಮಾಲಯದ ಓಕ್ ಕಾಡುಗಳ ಅಳಿವು ಮತ್ತು ಪುನರುದ್ಧಾರ

(ಮೇಲ್ತರಗತಿಯ ವಿದ್ಯಾರ್ಥಿಗಳಿಗಾಗಿ)

— ಮುಖ್ಯೋಪಾಧ್ಯಾಯರು, ಬಿ.ಎ., ಬಿ.ಟಿ.



ಎಳೆಗೂಸಿಗೆ ಮದ್ದು ತೇಯುವ ಅಜ್ಜಿಯಂದಿರ ಪೆಟ್ಟಿಗೆಯಲ್ಲಿ ಬಜೆ, ಜಾಯಿಕಾಯಿ, ಅಳಲೆಕಾಯಿಗಳ ಜೊತೆಗೆ ಮಾಚಿಕಾಯಿ ಎಂಬ ಗಟ್ಟಿಯಾದ ಸಣ್ಣ ಉಂಡೆಯೊಂದಿರುವುದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಹೆಸರು ಕಾಯಿ ಎಂದಿದ್ದರೂ ಅದು ನಿಜವಾಗಿ ಕಾಯಿಯಲ್ಲ. ಪಶ್ಚಿಮ ಏಷ್ಯಾದ ಕಡೆ ಬೆಳೆಯುವ ಒಂದು ಜಾತಿಯ ಓಕ್ ಮರದ ಎಳೆಯ ರೆಂಬೆಯಲ್ಲಿ ಪುಟ್ಟ ಕಣಜವೊಂದು ಮೊಟ್ಟೆಯಿಟ್ಟಾಗ, ಅದರಿಂದ ಹೊರಟ ಮರಿಯ ಸುತ್ತಲೂ ಮರವು ಬೆಳೆಯಿಸುವ ಗಂಟು ಅದು. ಹಿಂದಿನ ಕಾಲದಲ್ಲಿ ಈ ಗಂಟನ್ನು ಅರೆದು ಅನ್ನಭೇದಿಯೊಡನೆ ಬೆರೆಸಿ ಕಪ್ಪು ಶಾಯಿಯನ್ನು ತಯಾರಿಸುತ್ತಿದ್ದರು. ಸೀಸೆಯ ಬಾಯಿಗೆ ತುರುಕುವ ಬಿರಡೆಯ ಕಾರ್ಕ್ ಕೂಡ ಇನ್ನೊಂದು ಜಾತಿಯ ಓಕ್ ಮರದ ತೊಗಟೆಯೇ ಆಗಿದೆ. ಹೀಗೆ, ಮರವನ್ನು ಕಣ್ಣಾರೆ ಕಾಣದ ನಮಗೂ ಅದರ ಋಣ ತಪ್ಪಿದ್ದಲ್ಲ.

ಈ ದೂರದ ಮರದ ವಿಚಾರವನ್ನು ನಮ್ಮ ವಾರ್ಷಿಕ ಸಂಚಿಕೆಗೆ ಆರಿಸಿಕೊಂಡುದಕ್ಕೆ ಕಾರಣವಿದೆ. ನಮ್ಮ ಕಾಸರಗೋಡಿನ ಗುಡ್ಡೆಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಹಿರಿಯರು ಮಾಡಿದ ಸುರಂಗಗಳಲ್ಲಿ ಹಲವು ಈಗ ಬೇಸಗೆ ಕಾಲಿಡುವ ಮೊದಲೇ ಒಣಗುತ್ತವೆ. ಇದಕ್ಕೆ ಮದ್ದು ಮರ ನೆಡುವುದೆಂದು ನಾವೂ ಜೂನ್ ತಿಂಗಳ ಪರಿಸರ ದಿನದಂದು ಶಾಲೆಯ ಹಿಂಬದಿಯ ಗುಡ್ಡೆಯಲ್ಲಿ ನೂರು ಗಿಡಗಳನ್ನು ನೆಟ್ಟೆವು. ಭಾಷಣ ಮಾಡಿದೆವು, ಭಾವಚಿತ್ರ ತೆಗೆಸಿದೆವು. ಮರುವರ್ಷ ಮೇ ತಿಂಗಳಲ್ಲಿ ಹೋಗಿ ನೋಡಿದಾಗ ಉಳಿದಿದ್ದುದು ಏಳು ಮಾತ್ರ. ತಪ್ಪು ಮಕ್ಕಳದಲ್ಲ, ನೆಡುವುದನ್ನು ಕಲಿಸಿ ಬೆಳೆಯಿಸುವುದನ್ನು ಕಲಿಸದ ನನ್ನದು. ಆ ಲಜ್ಜೆಯಿಂದ ಓದತೊಡಗಿದಾಗ ನನಗೆ ದೊರೆತ ಅತ್ಯುತ್ತಮ ಪಾಠವೇ ಹಿಮಾಲಯದ ಬಾಂಜ್ ಮರದ ಕಥೆ.

೧. ಮರದ ಪರಿಚಯ

ಜಗತ್ತಿನಲ್ಲಿ ಓಕ್ ಮರದ ಜಾತಿಗಳು ನಾನೂರಕ್ಕೂ ಮಿಗಿಲು. ಭಾರತದಲ್ಲಿ ಅವು ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳಿಗೆ ಸೇರಿದವು. ದಕ್ಷಿಣದ ಕಾಡುಗಳಲ್ಲಿ ಓಕ್ ತಾನಾಗಿ ಬೆಳೆಯುವುದಿಲ್ಲ. ಉತ್ತರಾಖಂಡದ ಗಢವಾಲ ಮತ್ತು ಕುಮಾಂವ್ ಸೀಮೆಗಳಲ್ಲಿ ಮುಖ್ಯವಾಗಿ ಮೂರು ಜಾತಿಗಳನ್ನು ಕಾಣಬಹುದು. ಸುಮಾರು 1200 ಮೀಟರಿನಿಂದ 2300 ಮೀಟರಿನವರೆಗಿನ ಎತ್ತರದಲ್ಲಿ ಬಾಂಜ್, ಅದಕ್ಕಿಂತ ಮೇಲೆ ಮೋರು, ಇನ್ನೂ ಮೇಲೆ ಹಿಮ ಬೀಳುವ ನೆಲೆಗಳಲ್ಲಿ ಖರಸು. ಇವುಗಳಲ್ಲಿ ಊರಿನ ಜನರ ಬಾಳಿಗೆ ಅತ್ಯಂತ ಸಮೀಪವಾದುದು ಬಾಂಜ್.

ಬಾಂಜ್ ನಿತ್ಯಹಸುರಿನ ಮರ. ಎಲೆಯ ಅಂಚು ಗರಗಸದ ಹಲ್ಲಿನಂತಿದೆ. ಮೇಲ್ಮೈ ಕಡುಹಸುರು, ಅಡಿಭಾಗ ಬಿಳಿಯ ನವಿರಾದ ರೋಮಗಳಿಂದ ಕೂಡಿದುದು. ಗಾಳಿ ಬೀಸಿ ಎಲೆಗಳು ಮಗುಚಿದಾಗ ಬೆಟ್ಟದ ಇಳಿಜಾರೆಲ್ಲ ಬೆಳ್ಳಿಯಂತೆ ಹೊಳೆಯುತ್ತದೆ. ಸಸ್ಯಶಾಸ್ತ್ರಜ್ಞರು ಇದಕ್ಕಿಟ್ಟ ಹೆಸರಿನ ಅರ್ಥವೂ ‘ಬಿಳಿಯ ರೋಮವನ್ನು ಹೊತ್ತುದು’ ಎಂದೇ. ಇದರ ಕಾಯಿ ಅಡಿಕೆಗಿಂತ ಚಿಕ್ಕದು. ಬುಡದಲ್ಲಿ ಚಿಪ್ಪಿನಂಥ ಪುಟ್ಟ ಬಟ್ಟಲೊಂದು ಅದನ್ನು ಹಿಡಿದುಕೊಂಡಿರುತ್ತದೆ. ವಸಂತದಲ್ಲಿ ಅರಳಿದ ಹೂವು ಬಲಿತ ಕಾಯಾಗಲು ಸುಮಾರು ಒಂದೂವರೆ ವರ್ಷ ಬೇಕು. ಮಂಗ, ಕರಡಿ, ಹಾರುವ ಅಳಿಲು, ಹಕ್ಕಿ, ಎಲ್ಲಕ್ಕೂ ಅದು ಆಹಾರ.

ಬಾಂಜ್ ಒಂಟಿಯಾಗಿ ಬದುಕುವ ಮರವಲ್ಲ. ಕೆಂಪು ಹೂವಿನ ಬುರಾಂಶ್, ಹುಳಿಸಿಹಿ ಹಣ್ಣಿನ ಕಾಫಲ್ ಇವು ಅದರ ನೆರೆಹೊರೆಯವು. ಕಾಂಡದ ಮೇಲೆ ಪಾಚಿ ಮತ್ತು ಜರಿಗಿಡಗಳು, ಬುಡದಲ್ಲಿ ಪೊದೆಗಳು. ಆ ಬುರಾಂಶ್ ಜಾತಿಯ ಬಂಧುವೊಂದು ನೀಲಗಿರಿಯ ಬೆಟ್ಟಗಳಲ್ಲಿಯೂ ಕೆಂಪಾಗಿ ಹೂ ಬಿಡುತ್ತದೆ ಎಂಬುದು ಗಮನಾರ್ಹ.

೨. ಕಾಡು ಮತ್ತು ನೀರು

ಬೆಟ್ಟದ ಹೆಂಗಸರನ್ನು ಕೇಳಿದರೆ, ಬಾಂಜಿನ ಬೇರಿನಲ್ಲಿ ತಣ್ಣೀರಿದೆ ಎನ್ನುತ್ತಾರೆ. ಇದು ಬರಿಯ ನಂಬಿಕೆಯಲ್ಲ. ಮರದ ದಟ್ಟವಾದ ಹಂದರವು ಮಳೆಯ ಹೊಡೆತವನ್ನು ತಾನು ತಡೆದು, ಹನಿಯನ್ನು ಮೆಲ್ಲನೆ ನೆಲಕ್ಕಿಳಿಸುತ್ತದೆ. ಉದುರಿದ ತರಗೆಲೆ ಕೊಳೆತು ಹತ್ತಿಯಂಥ ಮೃದುವಾದ ಕಪ್ಪು ಮಣ್ಣಾಗುತ್ತದೆ. ಆ ಮಣ್ಣು ನೀರನ್ನು ಹರಿದುಹೋಗಲು ಬಿಡದೆ ಹೀರಿ, ಬೇರಿನ ದಾರಿಯಿಂದ ಆಳಕ್ಕೆ ಕಳುಹಿಸುತ್ತದೆ. ಹಾಗೆ ಇಳಿದ ನೀರೇ ಕೆಳಗಿನ ಊರುಗಳಲ್ಲಿ ‘ಧಾರಾ’ ಎಂಬ ಕಲ್ಲಿನ ದೋಣಿಯಲ್ಲಿಯೂ, ‘ನೌಲಾ’ ಎಂಬ ಕಲ್ಲುಕಟ್ಟಡದ ಪುಟ್ಟ ಕೊಳದಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಇದಕ್ಕೆ ಪ್ರತಿಯಾಗಿ ಚೀರ್ ಎಂಬ ಪೈನ್ ಮರವನ್ನು ನೋಡಿರಿ. ಅದರ ಸೂಜಿಯಂಥ ಎಲೆಗಳು ರಾಳದಿಂದ ಕೂಡಿದವು, ಬೇಗ ಕೊಳೆಯವು. ಬೇಸಗೆಯಲ್ಲಿ ಅವು ಒಣಗಿ ನೆಲದ ಮೇಲೆ ಚಾಪೆಯಂತೆ ಹರಡಿದಾಗ ಒಂದು ಕಿಡಿ ಸಾಕು, ಗುಡ್ಡವೇ ಉರಿಯುತ್ತದೆ. ದಪ್ಪ ತೊಗಟೆಯ ಚೀರ್ ಆ ಬೆಂಕಿಯಲ್ಲಿಯೂ ಉಳಿಯುತ್ತದೆ. ಬಾಂಜಿನ ಎಳೆಯ ಸಸಿ ಸುಟ್ಟುಹೋಗುತ್ತದೆ. ಮರುವರ್ಷ ಬರಿದಾದ ನೆಲದಲ್ಲಿ ಚೀರ್ ಮರದ ರೆಕ್ಕೆಯ ಬೀಜಗಳು ಗಾಳಿಯಲ್ಲಿ ಹಾರಿಬಂದು ಮೊಳೆಯುತ್ತವೆ. ಹೀಗೆ ಬೆಂಕಿಯೇ ಚೀರ್ ಕಾಡಿನ ಬೇಸಾಯಗಾರನಾಗಿದೆ.

ಆದರೂ ಒಂದು ಎಚ್ಚರಿಕೆ. ಬುಗ್ಗೆಯ ನೀರು ಮರವೊಂದನ್ನೇ ಅವಲಂಬಿಸಿಲ್ಲ. ಬಂಡೆಯ ರಚನೆ, ಮಳೆಯ ಪ್ರಮಾಣ, ಮೇಲಿನ ರಸ್ತೆ-ಕಟ್ಟಡಗಳು ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಮರ ನೆಟ್ಟ ಮಾತ್ರಕ್ಕೆ ಬತ್ತಿದ ಬುಗ್ಗೆ ಮರಳಿಬರುವುದೆಂದು ಯಾರೂ ಮಾತು ಕೊಡಲಾರರು. ವಿಜ್ಞಾನದ ವಿದ್ಯಾರ್ಥಿಯು ಇದನ್ನು ಮರೆಯಬಾರದು.

೩. ಕಾಡು ಕಳೆದುಹೋದ ಬಗೆ

ಬ್ರಿಟಿಷರ ಆಳ್ವಿಕೆಯಲ್ಲಿ ರೈಲುದಾರಿಗೆ ಅಡ್ಡದಿಮ್ಮಿಗಳು ಬೇಕಾದುವು; ಟರ್ಪೆಂಟೈನಿಗಾಗಿ ರಾಳ ಬೇಕಾಯಿತು. ಇವೆರಡನ್ನೂ ಕೊಡಬಲ್ಲುದು ಚೀರ್. ಬಾಂಜಿನ ಮರವಾದರೋ ಕೊಯ್ಯಲು ಕಷ್ಟ, ಒಣಗಿದರೆ ಸೊಟ್ಟಗಾಗುತ್ತದೆ. ವ್ಯಾಪಾರಿಯ ಕಣ್ಣಿಗೆ ಅದು ಸೌದೆ ಮಾತ್ರ. 1911ರಿಂದ 1917ರವರೆಗೆ ಕುಮಾಂವಿನ ವಿಶಾಲವಾದ ಕಾಡುಗಳನ್ನು ಸರಕಾರವು ಕಾಯ್ದಿರಿಸಿ, ಜನರ ಹಳೆಯ ಹಕ್ಕುಗಳನ್ನು ಮೊಟಕುಗೊಳಿಸಿತು. ಇದರಿಂದ ಕೆರಳಿದ ಜನ 1916ರಲ್ಲಿಯೂ 1921ರಲ್ಲಿಯೂ ಕಾಡಿಗೆ ಬೆಂಕಿಯಿಟ್ಟರು. ಇಲ್ಲಿ ಇತಿಹಾಸಕಾರರು ಗಮನಿಸಿದ ಸ್ವಾರಸ್ಯದ ಸಂಗತಿಯೊಂದಿದೆ: ಆ ಬೆಂಕಿ ಬಿದ್ದುದು ಚೀರ್ ಕಾಡುಗಳಿಗೆ, ಅದೇ ಸರಕಾರದ ವಶದಲ್ಲಿದ್ದ ಅಗಲ ಎಲೆಯ ಕಾಡುಗಳನ್ನು ಜನ ಮುಟ್ಟಲಿಲ್ಲ. ಕೋಪದಲ್ಲಿಯೂ ತಮ್ಮದಾವುದೆಂಬ ವಿವೇಕವನ್ನು ಅವರು ಬಿಟ್ಟಿರಲಿಲ್ಲ. ಮುಂದೆ 1931ರಲ್ಲಿ ಊರಿನವರೇ ತಮ್ಮ ಕಾಡನ್ನು ನೋಡಿಕೊಳ್ಳುವ ವನ ಪಂಚಾಯತಿಗಳಿಗೆ ನಿಯಮಗಳು ಬಂದುವು.

ಆದರೆ ತಪ್ಪೆಲ್ಲವೂ ಸರಕಾರದ್ದೆಂದರೆ ಅದು ಅರ್ಧ ಸತ್ಯ. ಚಳಿಗಾಲದಲ್ಲಿ ದನಗಳಿಗೆ ಹಸುರು ಮೇವು ಬಾಂಜಿನ ಸೊಪ್ಪು. ಹಟ್ಟಿಗೆ ಹಾಸುವುದು ಅದರ ತರಗೆಲೆ. ಒಲೆಗೆ ಅದರ ಕೊಂಬೆ. ಜನವೂ ದನವೂ ಹೆಚ್ಚಿ, ಉಳಿದ ಕಾಡು ಕಡಮೆಯಾದಾಗ ಅದೇ ಮರವನ್ನು ಮತ್ತೆ ಮತ್ತೆ ಸವರಿದರು. ಸವರಿದ ಮರ ಕಾಯಿ ಬಿಡಲಿಲ್ಲ. ಕಾಯಿ ಬಿಟ್ಟರೂ ಮೊಳಕೆಯನ್ನು ಆಡು ಮೇಯಿತು. ಮುದಿಮರಗಳಿದ್ದು ಮರಿಗಳಿಲ್ಲದ ಕಾಡು, ಮಕ್ಕಳಿಲ್ಲದ ಶಾಲೆಯಂತೆ. ಕಟ್ಟಡ ನಿಂತಿರುತ್ತದೆ, ಮುಂದಿನ ಭವಿಷ್ಯವಿರುವುದಿಲ್ಲ.

ಇದನ್ನು ಮೊದಲಾಗಿ ಸಾರಿಹೇಳಿದವರಲ್ಲಿ ಗಾಂಧೀಜಿಯವರ ಶಿಷ್ಯೆ ಮೀರಾ ಬೆಹನ್ ಒಬ್ಬರು. ಇಂಗ್ಲೆಂಡಿನ ನೌಕಾಸೇನಾಧಿಪತಿಯೊಬ್ಬರ ಮಗಳಾದ ಆಕೆ 1925ರಲ್ಲಿ ಭಾರತಕ್ಕೆ ಬಂದು, ಸ್ವಾತಂತ್ರ್ಯಾನಂತರ ಗಢವಾಲದ ಬೆಟ್ಟಗಳಲ್ಲಿ ನೆಲಸಿದ್ದರು. ವರ್ಷವರ್ಷವೂ ಹೊಳೆಗಳಲ್ಲಿ ನೆರೆ ಹೆಚ್ಚುವುದನ್ನು ಕಂಡು ಮೇಲಕ್ಕೆ ಹತ್ತಿ ನೋಡಿದಾಗ, ಬಾಂಜ್ ಹಿಂಜರಿದು ಚೀರ್ ಮುಂದೊತ್ತಿ ಬರುತ್ತಿರುವುದು ಅವರ ಕಣ್ಣಿಗೆ ಬಿತ್ತು. 1950ರ ದಶಕದ ಆರಂಭದಲ್ಲಿಯೇ ಅವರು ಇದನ್ನು ಬರೆದು ಎಚ್ಚರಿಸಿದರು. ಎರಡು ದಶಕಗಳ ತರುವಾಯ, 1973ರಲ್ಲಿ ಚಮೋಲಿ ಜಿಲ್ಲೆಯ ಮಂಡಲ್ ಗ್ರಾಮದಲ್ಲಿ ‘ಚಿಪ್ಕೋ’ ಚಳವಳಿ ಹುಟ್ಟಿತು. 1974ರಲ್ಲಿ ರೇಣೀ ಗ್ರಾಮದ ಗೌರಾ ದೇವಿಯವರು ಊರಿನ ಹೆಂಗಸರನ್ನು ಕೂಡಿಕೊಂಡು ಕಾಡನ್ನು ಕೊಡಲಿಯಿಂದ ಉಳಿಸಿದರು. ಅದೇ ಗಾಳಿ ದಕ್ಷಿಣಕ್ಕೂ ಬೀಸಿ 1983ರಲ್ಲಿ ಶಿರಸಿ ಸಮೀಪದ ಸಲ್ಕಣಿಯಲ್ಲಿ ‘ಅಪ್ಪಿಕೋ’ ಎಂಬ ಕನ್ನಡದ ಹೆಸರನ್ನು ತಾಳಿತು.

೪. ಬೀಜದಿಂದ ಮರಕ್ಕೆ

ಉಳಿಸುವುದು ಒಂದು ಕೆಲಸ, ಮರಳಿ ಬೆಳೆಯಿಸುವುದು ಇನ್ನೊಂದು. ಓಕ್ ಬೆಳೆಯಿಸುವವನು ಮೊದಲು ಬೀಜದ ಸ್ವಭಾವವನ್ನು ತಿಳಿಯಬೇಕು. ರಾಗಿ, ಭತ್ತಗಳ ಬೀಜವನ್ನು ಒಣಗಿಸಿ ಕಣಜದಲ್ಲಿಡಬಹುದು. ಓಕ್ ಕಾಯಿ ಒಣಗಿತೆಂದರೆ ಸತ್ತಿತೆಂದೇ ಅರ್ಥ. ಆದುದರಿಂದ ಚಳಿಗಾಲದಲ್ಲಿ ಬಲಿತು ಉದುರಿದ ಬಾಂಜ್ ಕಾಯಿಗಳನ್ನು ಕೂಡಲೆ ಆರಿಸಬೇಕು. ನೀರಿಗೆ ಹಾಕಿದಾಗ ತೇಲುವುವು ಬಹುಮಟ್ಟಿಗೆ ಹುಳು ತಿಂದವು ಅಥವಾ ಟೊಳ್ಳು, ಮುಳುಗುವುವನ್ನು ಆರಿಸಿಕೊಳ್ಳಬೇಕು. ಅವನ್ನು ತೇವ ಆರದಂತೆ ಕಾಪಾಡಿ, ತಡಮಾಡದೆ ಎರಡು-ಮೂರು ಸೆಂಟಿಮೀಟರ್ ಆಳದಲ್ಲಿ ಅಡ್ಡಲಾಗಿ ಮಲಗಿಸಿ ಊರಬೇಕು. ಮೇಲಿನ ಬೆಟ್ಟದ ಖರಸು ಇನ್ನೂ ಆತುರದ್ದು. ಅದರ ಕಾಯಿ ಮಳೆಗಾಲದಲ್ಲಿ ಉದುರಿ, ಬಿದ್ದಲ್ಲಿಯೇ ಮೊಳೆಯತೊಡಗುತ್ತದೆ.

ಮೊಳೆತ ಓಕ್ ಮೊದಲು ಮೇಲಕ್ಕೆ ಬೆಳೆಯುವುದಿಲ್ಲ. ತಾಯಿಬೇರನ್ನು ನೇರವಾಗಿ ಆಳಕ್ಕಿಳಿಸುತ್ತದೆ. ಚಿಕ್ಕ ತೊಟ್ಟೆಯಲ್ಲಿ ಬಹುಕಾಲ ಇಟ್ಟರೆ ಆ ಬೇರು ಸುರುಳಿ ಸುತ್ತಿಕೊಂಡು, ನೆಟ್ಟ ಬಳಿಕ ಗಿಡ ಕೊರಗುತ್ತದೆ. ಆದುದರಿಂದ ಉದ್ದನೆಯ ತೊಟ್ಟೆಯನ್ನು ಬಳಸುವುದು, ಇಲ್ಲವೆ ಕಾಯಿಯನ್ನು ನೆಲದಲ್ಲಿಯೇ ನೇರವಾಗಿ ಊರುವುದು ಲೇಸು. ಎಳೆಯ ಸಸಿಗೆ ಅರೆನೆರಳು ಹಿತ. ಸುತ್ತಲಿನ ಪೊದೆಯನ್ನು ‘ಕಳೆ’ ಎಂದು ಬೋಳಿಸಬಾರದು, ಅದು ದಾದಿಯಂತೆ ಸಸಿಯನ್ನು ಬಿಸಿಲಿನಿಂದಲೂ ಆಡಿನ ಬಾಯಿಯಿಂದಲೂ ಕಾಯುತ್ತದೆ.

ಇದಕ್ಕೂ ಸುಲಭವಾದ ಉಪಾಯವೊಂದುಂಟು. ಕಡಿದ ಬಾಂಜಿನ ಬೊಡ್ಡೆ ಸುಲಭವಾಗಿ ಸಾಯದು, ಮತ್ತೆ ಚಿಗುರುತ್ತದೆ. ಹತ್ತಿರದಲ್ಲಿ ತಾಯಿಮರಗಳಿದ್ದರೆ ಹಕ್ಕಿಗಳು ಕಾಯಿಗಳನ್ನು ಬಚ್ಚಿಟ್ಟು ಮರೆತು ತಾವೇ ಬಿತ್ತನೆ ಮಾಡುತ್ತವೆ. ಹಾಗಿರುವಲ್ಲಿ ಮನುಷ್ಯನು ಮಾಡಬೇಕಾದುದು ಎರಡೇ: ಬೆಂಕಿಯನ್ನು ತಡೆಯುವುದು, ಮೇಯುವ ಜಾನುವಾರನ್ನು ಕೆಲವು ವರ್ಷ ಹೊರಗಿಡುವುದು. ಚೀರ್ ಮರಗಳ ನೆರಳಿನಲ್ಲಿಯೂ ಆಗ ಬಾಂಜಿನ ಮರಿಗಳು ಮೆಲ್ಲನೆ ತಲೆಯೆತ್ತುತ್ತವೆ. ಕೆಲವೊಮ್ಮೆ ನೆಡುವುದಕ್ಕಿಂತ ಬಿಡುವುದೇ ದೊಡ್ಡ ಕೆಲಸ.

೫. ಒಬ್ಬ ಉಪಾಧ್ಯಾಯರ ಸಾಧನೆ

ಪೌಡೀ ಗಢವಾಲ ಜಿಲ್ಲೆಯ ದೂಧಾತೋಲಿ ಬೆಟ್ಟಸಾಲಿನಲ್ಲಿ ಉಫ್ರೇಂಖಾಲ್ ಎಂಬ ಸ್ಥಳವಿದೆ. ಅಲ್ಲಿ ಶಾಲಾ ಉಪಾಧ್ಯಾಯರಾಗಿದ್ದ ಸಚ್ಚಿದಾನಂದ ಭಾರತಿಯವರು ವಿದ್ಯಾರ್ಥಿದೆಸೆಯಲ್ಲಿ ಚಿಪ್ಕೋ ಚಳವಳಿಯ ಸಂಪರ್ಕಕ್ಕೆ ಬಂದವರು. ಊರಿಗೆ ಮರಳಿ 1980ರಿಂದ ಅವರು ಹಳ್ಳಿಗಳಲ್ಲಿ ಪರಿಸರ ಶಿಬಿರಗಳನ್ನು ನಡೆಸಿದರು. ಸಸಿಗಳನ್ನು ಊರಲ್ಲಿಯೇ ಬೆಳೆಯಿಸಿದರು. ಬಾಂಜ್, ಬುರಾಂಶ್, ಕಾಫಲ್, ದೇವದಾರುಗಳನ್ನು ಜನರೇ ನೆಟ್ಟರು. ಕಾಯುವ ಹೊಣೆಯನ್ನು ಹಳ್ಳಿಯ ಹೆಂಗಸರು ಹೊತ್ತರು. ಅವರ ಕ್ರಮ ಬಲು ಸೊಗಸಾದುದು: ಗೆಜ್ಜೆ ಕಟ್ಟಿದ ಕೋಲೊಂದಿದೆ, ಅದನ್ನು ಹಿಡಿದವಳು ಆ ದಿನ ಕಾಡು ಕಾಯುತ್ತಾಳೆ, ಸಂಜೆ ನೆರೆಮನೆಯ ಬಾಗಿಲಲ್ಲಿ ಇಟ್ಟು ಬರುತ್ತಾಳೆ. ಮರುದಿನ ಸರದಿ ಆ ಮನೆಯವಳದು. ಸಂಬಳವಿಲ್ಲ, ಸಮವಸ್ತ್ರವಿಲ್ಲ, ಕಾಡು ಮಾತ್ರ ಬೆಳೆಯಿತು.

1987ರ ಬರಗಾಲದ ಬಳಿಕ ಅವರಿಗೆ ಇನ್ನೊಂದು ಸತ್ಯ ತಿಳಿಯಿತು: ಸಸಿಗೆ ನೆಲದಲ್ಲಿ ತೇವವಿರಬೇಕು. ಹಿರಿಯರು ಬೆಟ್ಟದ ಮೇಲೆ ತೋಡುತ್ತಿದ್ದ ಹೊಂಡಗಳ ಮಾದರಿಯಲ್ಲಿ ಸಣ್ಣ ಸಣ್ಣ ಗುಂಡಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ತೋಡಿದರು. ಮಳೆಯ ನೀರು ಅಲ್ಲಲ್ಲೇ ಇಂಗಿತು, ಗಿಡ ಉಳಿಯಿತು, ‘ಒಣಹಳ್ಳ’ ಎಂಬರ್ಥದ ಹೆಸರಿದ್ದ ತೊರೆಯಲ್ಲಿ ನೀರು ಹರಿಯಿತು. ಜನ ಅದಕ್ಕೆ ‘ಗಾಡಗಂಗಾ’ ಎಂದು ಹೊಸ ಹೆಸರಿಟ್ಟರು.

೬. ನಮಗೇನು ಪಾಠ?

ಬಾಂಜನ್ನು ತಂದು ಕಾಸರಗೋಡಿನಲ್ಲಿ ನೆಡಬೇಕೆಂದು ನಾನು ಹೇಳುತ್ತಿಲ್ಲ. ಅದು ಆ ಮರಕ್ಕೂ ಅನ್ಯಾಯ, ಈ ಮಣ್ಣಿಗೂ ಅನ್ಯಾಯ. ಆಯಾ ನೆಲಕ್ಕೆ ಆಯಾ ಮರ ಎಂಬುದೇ ಬಾಂಜಿನ ಮೊದಲ ಪಾಠ. ನಮಗೆ ಮಾವು, ಹಲಸು, ರೆಂಜೆ, ಪುನರ್ಪುಳಿ, ಹೊನ್ನೆ ಇವೆ. ಇವುಗಳಲ್ಲಿ ಹಲವು ನಮ್ಮ ನಾಗಬನಗಳಲ್ಲಿ ಇನ್ನೂ ತಾಯಿಮರಗಳಾಗಿ ನಿಂತಿವೆ. ಹಲಸಿನ ಬೀಜವೂ ಮಾವಿನ ಗೊರಟೂ ಓಕ್ ಕಾಯಿಯಂತೆಯೇ ಒಣಗಿದರೆ ಮೊಳೆಯವು. ತಿಂದ ಕೂಡಲೆ ಊರಬೇಕಾದವು.

ಎರಡನೆಯ ಪಾಠ, ನೆಡುವ ದಿನವು ಹಬ್ಬವಾದರೆ ಕಾಯುವ ದಿನಗಳು ವ್ರತ. ಆದುದರಿಂದ ನಮ್ಮ ಶಾಲೆಯಲ್ಲಿ ಇನ್ನು ಮುಂದೆ ನೂರು ಗಿಡಗಳ ಬದಲು ಇಪ್ಪತ್ತೈದನ್ನೇ ನೆಡುವುದೆಂದು ನಿಶ್ಚಯಿಸಿದ್ದೇವೆ. ಪ್ರತಿ ಗಿಡದ ಮೇಲ್ಗಡೆ ಒಂದು ಇಂಗುಗುಂಡಿ, ಬುಡಕ್ಕೆ ತರಗೆಲೆಯ ಹೊದಿಕೆ. ಗಿಡಗಳಿಗೊಂದು ಹಾಜರಿ ಪುಸ್ತಕ. ಹಾಜರಿ ಕರೆಯುವುದು ಜೂನ್ ತಿಂಗಳಲ್ಲಲ್ಲ, ಮೇ ತಿಂಗಳಲ್ಲಿ. ಉಳಿದುಕೊಂಡಿರುವ ಆ ಏಳು ಗಿಡಗಳ ಹೆಸರೇ ಪುಸ್ತಕದಲ್ಲಿ ಮೊದಲು. ಗೆಜ್ಜೆಯ ಕೋಲೊಂದನ್ನೂ ಮಾಡಿಸಿದ್ದೇನೆ. ಇದೇ ಸೋಮವಾರ ಅದು ಎಂಟನೆಯ ತರಗತಿಯ ಬಾಗಿಲಲ್ಲಿ ಇರುತ್ತದೆ.

ಮನನಕ್ಕಾಗಿ ಪ್ರಶ್ನೆಗಳು

1. ಮಾಚಿಕಾಯಿಯು ‘ಕಾಯಿ’ಯಲ್ಲ ಎನ್ನಲು ಕಾರಣವೇನು?
2. ಬೆಂಕಿಯಿಂದ ಚೀರ್ ಮರಕ್ಕೆ ಲಾಭ, ಬಾಂಜಿಗೆ ನಷ್ಟ ಹೇಗೆ? ವಿವರಿಸಿ.
3. 1921ರಲ್ಲಿ ಕುಮಾಂವಿನ ಜನರು ಯಾವ ಕಾಡುಗಳಿಗೆ ಬೆಂಕಿಯಿಟ್ಟರು, ಯಾವುವನ್ನು ಬಿಟ್ಟರು? ಏಕೆಂದು ನಿಮ್ಮ ಮಾತಿನಲ್ಲಿ ಬರೆಯಿರಿ.
4. ಒಣಗಿಸಿ ಇಡಬಹುದಾದ ಐದು ಬೀಜಗಳನ್ನೂ, ಒಣಗಿಸಬಾರದ ಎರಡು ಬೀಜಗಳನ್ನೂ ಹೆಸರಿಸಿ.
5. ನಿಮ್ಮ ಮನೆಯ ಸಮೀಪದ ಸುರಂಗ ಅಥವಾ ಬಾವಿಯ ನೀರು ಅಜ್ಜಂದಿರ ಕಾಲದಲ್ಲಿ ಯಾವ ತಿಂಗಳವರೆಗೆ ಇರುತ್ತಿತ್ತು, ಈಗ ಯಾವ ತಿಂಗಳವರೆಗೆ ಇರುತ್ತದೆ? ಹಿರಿಯರನ್ನು ಕೇಳಿ ಬರೆದು ತನ್ನಿರಿ.