ಯಾವ ನದಿಯ ಮೀನು?

ಮೊದಲು ನಮ್ಮದೇ ಒಂದು ಎಡವಟ್ಟು ಹೇಳಿಬಿಡುತ್ತೇವೆ. ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಒಂದು ಪ್ಲಾನ್ ಮಾಡಿದ್ದೆವು. ಇಬ್ಬರು ತಿಪಟೂರಿನವರು, ಒಬ್ಬ ತುರುವೇಕೆರೆಯವನು, ಒಬ್ಬಳು ಚಿಕ್ಕನಾಯಕನಹಳ್ಳಿಯವಳು. ಹೇಮಾವತಿ ನಾಲೆ ನೀರು ಬಂದು ತುರುವೇಕೆರೆ ಕಡೆಯ ಒಂದು ಊರಿನ ಕೆರೆ ತುಂಬಿತ್ತು. ಹೇಮಾವತಿ ಅಂದ್ರೆ ಕಾವೇರಿಯ ಉಪನದಿ ತಾನೇ? ಹಾಗಾದ್ರೆ ಕಾವೇರಿಯ ಹೆಸರಾಂತ ಮಹಶೀರ್ ಮೀನಿನ ಸಾವಿರ ಮರಿ ತಂದು ರಾಜ್ಯೋತ್ಸವದ ದಿನ ಈ ಕೆರೆಗೆ ಬಿಡೋಣ, ಅಳಿಯುತ್ತಿರುವ ಮೀನನ್ನು ಉಳಿಸಿದ ಹಾಗೂ ಆಯ್ತು, ಕ್ಲಬ್‌ಗೆ ಒಂದು ಒಳ್ಳೆ ಕಾರ್ಯಕ್ರಮವೂ ಆಯ್ತು ಅಂದುಕೊಂಡೆವು. ತಲಾ ಐನೂರು ರೂಪಾಯಿ ಎತ್ತಿಯೂ ಆಗಿತ್ತು.

ಕೆರೆ ನೋಡಲು ಹೋದಾಗ ಏರಿ ಮೇಲೆ ನಮ್ಮ ಗೆಳೆಯನ ತಾತ ಸಿಕ್ಕರು. ವಿಷಯ ಕೇಳಿ, ‘ಬಿಡ್ರಪ್ಪಾ, ಒಳ್ಳೇದೇ. ಯಾವ್ ಹೊಳೆ ಮೀನು ಅವು?’ ಅಂದರು. ನಾವು ಮುಖ ಮುಖ ನೋಡಿಕೊಂಡೆವು. ‘ಅಲ್ಲಾ ಕಣ್ರಯ್ಯ, ತೆಂಗಿನ ಸಸಿ ತರ್ಬೇಕಾದ್ರೆ ಯಾವ್ ತೋಟದ್ದು, ತಾಯಿಮರ ಎಂಥದ್ದು ಅಂತ ಕೇಳ್ತೀವಿ. ಮೀನಿಗೆ ಅದೆಲ್ಲಾ ಇಲ್ವಾ?’

ಇದೆ ಅಂತ ಆಮೇಲೆ ಓದಿದಾಗ ಗೊತ್ತಾಯ್ತು. ಆ ಒಂದು ಪ್ರಶ್ನೆ ಕೇಳದೇ ಹೋದದ್ದರಿಂದ ಒಂದು ಮೀನು ಕಾವೇರಿಯಿಂದ ಬಹುತೇಕ ಮರೆಯಾಗಿದೆ. ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ನಮ್ಮ ಸೀಮೆಯ ಎರಡು ಇಳಿಜಾರು

ಮೊದಲು ನಮ್ಮ ಊರಿನ ಭೂಗೋಳ. ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ನದಿ ದಕ್ಷಿಣಕ್ಕೆ ಇಳಿಯುತ್ತದೆ. ತುರುವೇಕೆರೆ ಕಡೆಯ ಹಳ್ಳಗಳು ಅದನ್ನು ಸೇರುತ್ತವೆ. ಕುಣಿಗಲ್ ತಾಲ್ಲೂಕಿನಲ್ಲಿ ಮಾರ್ಕೋನಹಳ್ಳಿ ಜಲಾಶಯ ಸಿಗುತ್ತದೆ. ನೀರು ಮಟ್ಟ ಮೀರಿದರೆ ತಾನಾಗಿ ಹೊರಗೆ ಹರಿಸುವ ಸೈಫನ್ ಇರುವುದು ಅಲ್ಲೇ, ಸಿವಿಲ್‌ನವರು ಒಮ್ಮೆ ಹೋಗಿ ನೋಡಿ. ಅಲ್ಲಿಂದ ಮುಂದೆ ಶಿಂಷೆ ಶಿವನಸಮುದ್ರದ ಕೆಳಗೆ ಕಾವೇರಿಗೆ ಸೇರುತ್ತದೆ. ಆದರೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಳಿಯಾರು ಕಡೆ ಹೋದರೆ ಕಥೆ ಬೇರೆ. ಅಲ್ಲಿ ಬೋರನಕಣಿವೆಯಲ್ಲಿ ನಿಲ್ಲುವುದು ಸುವರ್ಣಮುಖಿಯ ನೀರು. ಅದು ವೇದಾವತಿಗೆ, ವೇದಾವತಿ ತುಂಗಭದ್ರೆಗೆ, ತುಂಗಭದ್ರೆ ಕೃಷ್ಣೆಗೆ.

ಅಂದ್ರೆ ನಮ್ಮ ತೆಂಗಿನ ಸೀಮೆಯ ನಡುವೆ ಒಂದು ದಿಬ್ಬ ಇದೆ. ಈ ಕಡೆ ಬಿದ್ದ ಮಳೆ ಕಾವೇರಿಗೆ, ಆ ಕಡೆ ಬಿದ್ದದ್ದು ಕೃಷ್ಣೆಗೆ. ಬಸ್ಸಿನಲ್ಲಿ ಹೋಗುವ ನಮಗೆ ಅದು ಗೊತ್ತೇ ಆಗಲ್ಲ. ಮೀನಿಗೆ ಮಾತ್ರ ಅದು ಗೋಡೆ. ಒಂದು ಕಣಿವೆಯ ಮೀನು ತಾನಾಗಿ ಇನ್ನೊಂದಕ್ಕೆ ದಾಟುವಂತಿಲ್ಲ, ಹಾಗಾಗಿ ಲಕ್ಷಾಂತರ ವರ್ಷಗಳಲ್ಲಿ ಎರಡೂ ಕಡೆ ಬೇರೆ ಬೇರೆ ಜಾತಿಗಳೇ ಬೆಳೆದಿವೆ.

ಮಹಶೀರ್ ಅಂದ್ರೆ ಒಂದೇ ಮೀನಲ್ಲ

ಮಹಶೀರ್ ಅನ್ನುವುದು ಒಂದು ಕುಟುಂಬದ ಹೆಸರು. ಕಾವೇರಿಯ ಸ್ವಂತ ಮಹಶೀರ್‌ಗೆ ಬೆನ್ನಿನ ಮೇಲೆ ಗೂನು, ಕಿತ್ತಳೆ ಬಣ್ಣದ ರೆಕ್ಕೆಗಳು. ಇದು ದೈತ್ಯ ಮೀನು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಗಾಳ ಹಾಕಿ ಹಿಡಿದದ್ದು 120 ಪೌಂಡ್, ಅಂದರೆ ಸುಮಾರು 54 ಕೆ.ಜಿ. ತೂಗಿತ್ತು. ಇನ್ನೊಂದು ನೀಲಿ ರೆಕ್ಕೆಯ ಮಹಶೀರ್. ಅದನ್ನು ವಿಜ್ಞಾನಿ ಸೈಕ್ಸ್ ಮೊದಲು ವಿವರಿಸಿದ್ದು ಪುಣೆಯ ಮುಳಾ-ಮುಠಾ ನದಿಯಿಂದ. ಅದು ಕೃಷ್ಣಾ ಕಣಿವೆ.

1970ರ ದಶಕದಲ್ಲಿ ಮಹಶೀರ್ ಕಡಿಮೆಯಾಗುತ್ತಿದೆ ಅನ್ನುವ ಕಾಳಜಿ ಶುರುವಾಯಿತು. ಕಾರಣಗಳು ಎಲ್ಲರಿಗೂ ಗೊತ್ತಿದ್ದವೇ: ಮಳೆಗಾಲದಲ್ಲಿ ಮೊಟ್ಟೆ ಇಡಲು ಮೇಲಕ್ಕೆ ಈಜುವ ಮೀನಿಗೆ ಅಡ್ಡಲಾದ ಅಣೆಕಟ್ಟು, ಮರಳು ಎತ್ತುವುದು, ಡೈನಮೈಟ್ ಹಾಕಿ ಮೀನು ಹಿಡಿಯುವುದು. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಮರಿ ಉತ್ಪಾದನಾ ಕೇಂದ್ರ ನೀಲಿ ರೆಕ್ಕೆಯ ಮಹಶೀರ್ ಅನ್ನು ಕೃತಕವಾಗಿ ಮರಿ ಮಾಡಿಸುವುದರಲ್ಲಿ ಯಶಸ್ವಿಯಾಯಿತು. ಆ ಜಾತಿಯ ಮರಿಗಳು ಕಾವೇರಿಗೂ ಬಂದವು. ಯಾರ ಮನಸ್ಸಿನಲ್ಲೂ ಕೆಡುಕಿರಲಿಲ್ಲ. ಮಹಶೀರ್ ಕಡಿಮೆಯಾಗಿದೆ, ಮಹಶೀರ್ ಬಿಟ್ಟರು. ನಾವು ಮಾಡಲು ಹೊರಟಿದ್ದೂ ಇದನ್ನೇ!

ಹೆಚ್ಚಾಗಿದ್ದು ಏನು, ಕಡಿಮೆಯಾಗಿದ್ದು ಏನು

ಇಲ್ಲಿಂದ ಮುಂದೆ ಡೇಟಾ ಕಥೆ. ಶಿಂಷೆ ಸೇರಿದ ಮೇಲೆ ಕಾವೇರಿ ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆ ಮಾರ್ಗವಾಗಿ ಸಂಗಮದ ಕಡೆ ಹರಿಯುತ್ತದೆ. ಗಾಳಿಬೋರೆಯಲ್ಲಿ ಗಾಳ ಹಾಕುವವರ ಒಂದು ಕ್ಯಾಂಪ್ ಇತ್ತು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಮತ್ತೆ ನೀರಿಗೆ ಬಿಡಬೇಕು, ಅದು ಅಲ್ಲಿಯ ನಿಯಮ. 1998ರಿಂದ 2012ರವರೆಗೆ ಹೀಗೆ ಬರೆದಿಟ್ಟ ಪುಸ್ತಕಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್, ರಾಬರ್ಟ್ ಬ್ರಿಟನ್ ಎಂಬ ಮೂವರು ಸಂಶೋಧಕರು ಕೂತು ಲೆಕ್ಕ ಹಾಕಿದರು. 23 ಸಾವಿರಕ್ಕೂ ಹೆಚ್ಚು ಗಂಟೆಗಳ ಗಾಳ, ಆರು ಸಾವಿರಕ್ಕೂ ಹೆಚ್ಚು ಮೀನು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು.

ಒಟ್ಟು ಮಹಶೀರ್ ಸಂಖ್ಯೆ ಹೆಚ್ಚಾಗಿತ್ತು. ಅಷ್ಟನ್ನೇ ನೋಡಿದ್ದರೆ ಕಥೆ ಸುಖಾಂತ್ಯ. ಆದರೆ ಜಾತಿವಾರು ಬಿಡಿಸಿ ನೋಡಿದಾಗ, ಹೆಚ್ಚಾದದ್ದು ಪೂರ್ತಿ ನೀಲಿ ರೆಕ್ಕೆಯದ್ದು. ಗೂನು ಬೆನ್ನಿನದ್ದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಹೋಗಿತ್ತು. ಇನ್ನೊಂದು ವಿಚಿತ್ರ ಏನಂದ್ರೆ, ಸಿಕ್ಕ ಗೂನು ಮೀನುಗಳ ಸರಾಸರಿ ತೂಕ ಮಾತ್ರ ಏರುತ್ತಿತ್ತು!

ತೂಕ ಏರಿದರೆ ಒಳ್ಳೆಯದಲ್ವಾ? ನಮಗೂ ಹಾಗೇ ಅನ್ನಿಸಿತು. ಅರ್ಥವಾಗಲು ನಾವೇ ಒಂದು ಕಾಲ್ಪನಿಕ ಲೆಕ್ಕ ಮಾಡಿಕೊಂಡೆವು. ಒಂದು ಮಡುವಿನಲ್ಲಿ 30 ಕೆ.ಜಿ.ಯ 10 ದೊಡ್ಡ ಮೀನು, 2 ಕೆ.ಜಿ.ಯ 30 ಮರಿಮೀನು ಇವೆ ಅಂದುಕೊಳ್ಳಿ. ಒಟ್ಟು 40 ಮೀನು, 360 ಕೆ.ಜಿ., ಸರಾಸರಿ 9 ಕೆ.ಜಿ. ಕೆಲವು ವರ್ಷಗಳ ನಂತರ ಹೊಸ ಮರಿ ಹುಟ್ಟುವುದೇ ನಿಂತುಹೋಯಿತು, 35 ಕೆ.ಜಿ.ಯ 4 ಮುದಿ ಮೀನು ಮಾತ್ರ ಉಳಿದವು. ಸರಾಸರಿ 35 ಕೆ.ಜಿ. ಸರಾಸರಿ ಹೆಚ್ಚುಕಮ್ಮಿ ನಾಲ್ಕು ಪಟ್ಟಾಯಿತು, ಮೀನು ಹತ್ತರಲ್ಲಿ ಒಂದು ಪಾಲಾಯಿತು. ನಮ್ಮ ಕೆಲವು ಊರುಗಳೂ ಹೀಗೇ ಅಲ್ವಾ? ಹುಡುಗರೆಲ್ಲ ಬೆಂಗಳೂರು ಸೇರಿ, ಸ್ಕೂಲು ಮುಚ್ಚಿ, ಜಗುಲಿ ಮೇಲೆ ಅಜ್ಜ ಅಜ್ಜಿಯರೇ ಉಳಿದ ಊರಿನ ಸರಾಸರಿ ವಯಸ್ಸು ಏರಿದೆ ಅಂತ ಯಾರೂ ಖುಷಿಪಡಲ್ಲ.

ಹೆಸರೇ ಇಲ್ಲದ ಮೀನು

ಇನ್ನೂ ಒಂದು ತಮಾಷೆಯಲ್ಲದ ತಮಾಷೆ ಇದೆ. ಇಷ್ಟು ಹೆಸರುವಾಸಿಯಾದ ಗೂನು ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಹೆಸರಿಲ್ಲದಿದ್ದರೆ ಅಪಾಯದ ಪಟ್ಟಿಗೆ ಸೇರಿಸುವುದು ಹೇಗೆ? 2018ರಲ್ಲಿ ಸಂಶೋಧಕರು ಭವಾನಿಯ ಉಪನದಿಯಾದ ಮೋಯಾರ್‌ನಲ್ಲಿ ಉಳಿದಿದ್ದ ಮೀನುಗಳನ್ನು ಹುಡುಕಿ, ದೇಹದ ಅಳತೆ ಮತ್ತು ಡಿಎನ್‌ಎ ಎರಡನ್ನೂ ಹೋಲಿಸಿದರು. ಕೇರಳದ ಪಾಂಬಾರ್‌ನಿಂದ 2007ರಲ್ಲೇ ವಿವರಿಸಲಾಗಿದ್ದ ‘ಟಾರ್ ರೆಮಾದೇವಿ’ ಇದೇ ಅಂತ ತೀರ್ಮಾನವಾಯಿತು. ಪಾಂಬಾರ್ ಕೂಡ ಕೊನೆಗೆ ಕಾವೇರಿಗೇ ಬರುವ ನೀರು. ಅದೇ ವರ್ಷ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಇದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಸಾಲಿಗೆ ಸೇರಿತು. ನೀಲಿ ರೆಕ್ಕೆಯದ್ದು ಈಗ ಆತಂಕ ಕಡಿಮೆ ಇರುವ ಸಾಲಿನಲ್ಲಿದೆ.

ಸಾಲ್ಮನ್ ಹೇಳಿಕೊಟ್ಟ ಪಾಠ

ಇದೇ ಪ್ರಶ್ನೆಯನ್ನು ಜಗತ್ತಿನಲ್ಲಿ ಅತಿ ಹೆಚ್ಚು ಅಗೆದು ನೋಡಿರುವುದು ಅಮೆರಿಕದ ಪಶ್ಚಿಮ ಕರಾವಳಿಯ ಸಾಲ್ಮನ್ ಮತ್ತು ಸ್ಟೀಲ್‌ಹೆಡ್ ಮೀನುಗಳಲ್ಲಿ. ಅವು ನದಿಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆ ಇಡಲು ಸಾಮಾನ್ಯವಾಗಿ ಹುಟ್ಟಿದ ನದಿಗೇ ವಾಪಸ್ ಬರುತ್ತವೆ. ಹಾಗಾಗಿ ಒಂದೊಂದು ನದಿಯ ಮೀನೂ ಆ ನದಿಗೆ ಒಗ್ಗಿಕೊಂಡ ಪ್ರತ್ಯೇಕ ತಳಿ. ಒರೆಗಾನ್‌ನ ಹುಡ್ ನದಿಯ ಸ್ಟೀಲ್‌ಹೆಡ್ ಮೇಲೆ 2007ರಲ್ಲಿ ಬಂದ ಅಧ್ಯಯನದ ಪ್ರಕಾರ, ಕೇಂದ್ರದಲ್ಲಿ ಸಾಕಿದ ಮೀನನ್ನು ನದಿಗೆ ಬಿಟ್ಟಾಗ ಮರಿ ಮಾಡುವ ಅದರ ಸಾಮರ್ಥ್ಯ ಸೆರೆಯಲ್ಲಿ ಕಳೆದ ಪ್ರತಿ ತಲೆಮಾರಿಗೆ ಸುಮಾರು 40% ಕುಸಿಯುತ್ತದೆ. ತೊಟ್ಟಿಯಲ್ಲಿ ಗೆಲ್ಲುವ ಗುಣ ಬೇರೆ, ಹೊಳೆಯಲ್ಲಿ ಗೆಲ್ಲುವ ಗುಣ ಬೇರೆ.

ಹಾಗಂತ ಮರಿ ಉತ್ಪಾದನೆಯೇ ತಪ್ಪು ಅಂತಲ್ಲ. ಐಡಹೋದ ರೆಡ್‌ಫಿಶ್ ಕೆರೆಗೆ 1992ರಲ್ಲಿ ಸಮುದ್ರದಿಂದ ವಾಪಸ್ ಬಂದ ಸಾಕ್‌ಐ ಸಾಲ್ಮನ್ ಒಂದೇ ಒಂದು, ಅದೂ ಗಂಡು. ಬೇರೆ ನದಿಯಿಂದ ಮೀನು ತಂದು ಸುರಿಯುವುದು ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. ಆ ಕೆರೆಯದ್ದೇ ಉಳಿದ ಮೀನುಗಳನ್ನು ತಾಯಿಮರದ ಹಾಗೆ ಜೋಪಾನ ಮಾಡಿ, ರಕ್ತಸಂಬಂಧ ನೋಡಿ ಜೋಡಿ ಮಾಡಿ, ಆ ತಳಿಯನ್ನು ಉಳಿಸಿಕೊಂಡರು. ತಾತ ಕೇಳಿದ ಪ್ರಶ್ನೆಯನ್ನು ಅವರು ಮೊದಲೇ ಕೇಳಿಕೊಂಡಿದ್ದರು ಅಷ್ಟೇ.

ನಮ್ಮಲ್ಲೂ ಇದ್ದಲ್ಲೇ ಕಾಯುವ ಪದ್ಧತಿ ಹಳೆಯದು. ಶೃಂಗೇರಿಯಲ್ಲಿ ತುಂಗೆಯ ಮೀನು, ಶಿಶಿಲದಲ್ಲಿ ಕಪಿಲೆಯ ಮೀನು, ರಾಮನಾಥಪುರದಲ್ಲಿ ಕಾವೇರಿಯ ಮೀನು, ಎಲ್ಲ ‘ದೇವರ ಮೀನು’. ಶಿಶಿಲದಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರಿನವರು ಅವಕ್ಕೆ ಸ್ಮಾರಕ ಕಟ್ಟಿದರು.

ಹಾಗಾದ್ರೆ ನಾವೇನು ಮಾಡಿದ್ವಿ?

ಮರಿ ಬಿಡುವ ಪ್ಲಾನ್ ಕೈಬಿಟ್ಟೆವು. ಮಹಶೀರ್‌ಗೆ ಹರಿಯುವ ನೀರು, ಜಲ್ಲಿಕಲ್ಲಿನ ತಳ ಬೇಕು. ಕೆರೆಯಲ್ಲಿ ಅದು ಸಂಸಾರ ಹೂಡುವುದಿಲ್ಲ. ಕೋಡಿ ಬಿದ್ದು ಹೊರಗೆ ಹೋದರೆ ಹಳ್ಳ, ಶಿಂಷೆ, ಕಾವೇರಿ. ನಮ್ಮ ಸಾವಿರ ಮರಿ ಬೇರೆ ಕಣಿವೆಯದ್ದಾಗಿದ್ದರೆ, ಉಳಿದಿರುವ ನಾಲ್ಕು ಗೂನು ಮೀನಿನ ಊಟಕ್ಕೆ ನಾವೇ ಪಾಲುದಾರರನ್ನು ಕಳಿಸಿದಂತಾಗುತ್ತಿತ್ತು.

ಎತ್ತಿದ ಎರಡು ಸಾವಿರದಲ್ಲಿ ಒಂದು ತೂಕದ ಸ್ಪ್ರಿಂಗ್ ತಕ್ಕಡಿ, ಒಂದು ಅಳತೆಪಟ್ಟಿ, ನಾಲ್ಕು ದಪ್ಪ ನೋಟ್‌ಬುಕ್ ತಂದಿದ್ದೇವೆ. ರಜೆಯಲ್ಲಿ ಊರಿಗೆ ಹೋದಾಗ ಕೆರೆ ಗುತ್ತಿಗೆ ಹಿಡಿದವರು ಬಲೆ ಎಳೆಯುವ ದಿನ ಹಾಜರಾಗುವುದು, ಮೀನಿನ ಹೆಸರು, ಉದ್ದ, ತೂಕ, ಕೆರೆ ಯಾವ ಕಣಿವೆಯದ್ದು ಅಂತ ಬರೆಯುವುದು. ಜಾತಿ ಗೊತ್ತಾಗದಿದ್ದರೆ ಫೋಟೋ ತೆಗೆದು ‘ಗೊತ್ತಿಲ್ಲ’ ಅಂತಲೇ ಬರೆಯಬೇಕು, ಊಹೆ ಮಾಡಿ ಹೆಸರು ಹಾಕುವಂತಿಲ್ಲ. ಕೊನೆಯ ಕಾಲಂ ಹಿರಿಯರದ್ದು: ನೀವು ಚಿಕ್ಕವರಿದ್ದಾಗ ಸಿಗುತ್ತಿದ್ದು ಈಗ ಸಿಗದ ಮೀನು ಯಾವುದು?

ಆ ಕಾಲಂ ತುಂಬಲು ಮೊದಲು ಹೋಗಿದ್ದು ತಾತನ ಹತ್ತಿರವೇ. ಅವರು ಒಂದೇ ಸಮ ಏಳು ಹೆಸರು ಹೇಳಿದರು. ಅದರಲ್ಲಿ ಐದು ಹೆಸರನ್ನು ನಾವ್ಯಾರೂ ಕೇಳಿಯೇ ಇರಲಿಲ್ಲ. ಕಾಗುಣಿತ ಕೇಳಿ ಕೇಳಿ ಬರೆದುಕೊಂಡಿದ್ದೇವೆ. ನಿಮ್ಮೂರಲ್ಲೂ ಕೆರೆ ಇದ್ದರೆ, ನೋಟ್‌ಬುಕ್ ಇನ್ನೂ ಎರಡು ಖಾಲಿ ಇವೆ, ಹಾಸ್ಟೆಲ್‌ಗೆ ಬಂದು ತಗೊಂಡು ಹೋಗಿ.