ಗಡಿಗೆಯ ನೀರೂ ನೆರೆಯವರ ಪಾಲೂ

ಆಳಂದ, ಅಫಜಲಪುರ, ಜೇವರ್ಗಿ ಎಂಬ ಈ ಮೂರು ತಾಲೂಕುಗಳಲ್ಲಿ ವಾಸಿಸುವ ನಾವು ನೀರಿನ ಎರಡು ವಿಧವಾದ ಬಾಧೆಗಳನ್ನು ಬಲ್ಲೆವು. 2020ನೆಯ ಅಕ್ಟೋಬರದಲ್ಲಿ ಭೀಮಾ ನದಿಯು ದಡಮೀರಿ ಹೊಲಮನೆಗಳನ್ನು ಮುಳುಗಿಸಿತು; ಅದೇ ನದಿಯು ಬೇಸಿಗೆಯಲ್ಲಿ ಬರಿಯ ಉಸುಕನ್ನು ತೋರಿಸುವದುಂಟು. ಸೊನ್ನದಲ್ಲಿ ಬ್ಯಾರೇಜು ಇದೆ, ಆಳಂದ ತಾಲೂಕಿನಲ್ಲಿ ಅಮರ್ಜಾ ಜಲಾಶಯವಿದೆ. ಆದರೂ ಅವುಗಳ ನೀರು ಪ್ರತಿಯೊಬ್ಬನ ಅಂಗಳಕ್ಕೆ ಬರಲಾರದು. ಹೀಗಿರಲಾಗಿ ಬಡವನ ಮನೆಯಲ್ಲಿ ಕಾಯಿಪಲ್ಲೆಯು ಹೇಗೆ ಬೆಳೆದೀತೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

ಮೊದಲು ನಮ್ಮ ಎರೆಭೂಮಿಯ ಗುಣವನ್ನು ತಿಳಿಯತಕ್ಕದ್ದು. ಅದು ಮಳೆಗಾಲದ ನೀರನ್ನು ತನ್ನೊಳಗೆ ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ. ಆದದರಿಂದಲೇ ಹಿಂಗಾರಿಯ ಬಿಳಿಜೋಳವು ನೀರು ಹಾಯಿಸದೆ ಮಾಗುತ್ತದೆ. ಆದರೆ ಒಣಗಿದಾಗ ಈ ನೆಲವು ಬಿರಿಯುತ್ತದೆ. ಆ ಬಿರುಕುಗಳಿಂದ ಒಳಗಿನ ಹಸಿಯು ಗಾಳಿಗೆ ಹೋಗುತ್ತದೆ. ಬಿರಿದ ನೆಲಕ್ಕೆ ಕೊಡದಿಂದ ನೀರು ಸುರಿದರೆ ಬಹುಪಾಲು ಬೇರಿಗೆ ತಾಕದೆ ಕೆಳಗಿಳಿಯುವದು. ಆದಕಾರಣ ಮೇಲ್ಮಣ್ಣನ್ನು ಆಗಾಗ್ಗೆ ಕೆದಕಿ ಸಡಿಲಮಾಡಿ, ಅದರ ಮೇಲೆ ನಾಲ್ಕು ಬೆರಳು ದಪ್ಪವಾಗಿ ತೊಗರಿಯ ಹೊಟ್ಟನ್ನೋ ಒಣಎಲೆಯನ್ನೋ ಹೊದಿಸಬೇಕು. ತೊಗರಿಯ ಸೀಮೆಯಲ್ಲಿ ಹೊಟ್ಟಿಗೇನು ಕಡಿಮೆ! ದನಗಳಿಗೆ ಹಾಕಿ ಉಳಿದದ್ದು ಸಾಕು.

ಇನ್ನು ಗಡಿಗೆಯ ಉಪಾಯ. ಇದು ಹೊಸದಲ್ಲ, ಎರಡು ಸಾವಿರ ವರುಷಗಳ ಹಿಂದೆ ಚೀನದೇಶದ ಫಾನ್ ಶೆಂಗ್‌ಝಿ ಎಂಬವನ ಬೇಸಾಯದ ಗ್ರಂಥದಲ್ಲಿಯೇ ಇದರ ವರ್ಣನೆಯುಂಟು. ಕುಂಬಾರನಿಂದ ಬಣ್ಣ ಹಚ್ಚದ ಮಣ್ಣಿನ ಗಡಿಗೆಯನ್ನು ತಂದು, ಗೊಬ್ಬರವನ್ನೂ ಸ್ವಲ್ಪ ಉಸುಕನ್ನೂ ಬೆರಸಿದ ಮಣ್ಣಿನಲ್ಲಿ ಕೊರಳಿನ ವರೆಗೆ ಹೂಳಿ, ನೀರು ತುಂಬಿ ಬಾಯಿ ಮುಚ್ಚಬೇಕು. ಸುತ್ತಲೂ ಹೀರೆ, ಸೋರೆ, ಬದನೆ ಇವುಗಳನ್ನು ಹಚ್ಚಬೇಕು. ಮಣ್ಣು ಒಣಗಿದಷ್ಟು ಹೆಚ್ಚಾಗಿಯೂ ಹಸಿಯಾಗಿದ್ದಷ್ಟು ಕಡಿಮೆಯಾಗಿಯೂ ನೀರು ಗೋಡೆಯಿಂದ ಜಿನುಗುವದು. ಬೇರುಗಳು ತಾವೇ ಗಡಿಗೆಯನ್ನು ಹುಡುಕಿಕೊಂಡು ಬರುವವು. ಕಾಲಕ್ರಮದಲ್ಲಿ ಉಪ್ಪು ಕಟ್ಟಿ ರಂಧ್ರಗಳು ಮುಚ್ಚಿಕೊಂಡರೆ ಗಡಿಗೆಯನ್ನು ತೆಗೆದು ತಿಕ್ಕಬೇಕು, ಇಲ್ಲವೆ ಬದಲಾಯಿಸಬೇಕು.

ಬಚ್ಚಲ ನೀರನ್ನು ಗಿಡಕ್ಕೆ ಬಿಡಿರೆಂದು ಅನೇಕರು ಹೇಳುತ್ತಾರೆ. ಒಳ್ಳೇದೇ, ಆದರೆ ಸಾಬೂನಿನ ಪುಡಿಯ ನೀರನ್ನು ವರುಷವಿಡೀ ಒಂದೇ ತಾವಿನಲ್ಲಿ ಬಿಟ್ಟರೆ ಎರೆಮಣ್ಣು ಚೌಳಾಗುವದು. ತರಕಾರಿ ತೊಳೆದ ನೀರೇ ಮೇಲು. ಮಾಳಿಗೆಯ ನೀರನ್ನಾದರೋ ನಾವು ಸುಮ್ಮನೆ ಬೀದಿಗೆ ಬಿಡುತ್ತೇವೆ. ಲೆಕ್ಕ ಹಾಕಿರಿ: 20 ಚದರ ಮೀಟರು ಮಾಳಿಗೆಯ ಮೇಲೆ 10 ಮಿಲಿಮೀಟರು ಮಳೆ ಬಿದ್ದರೆ 200 ಲೀಟರು ನೀರಾಯಿತು.

ಪ್ರಿಯರೇ, ಒಬ್ಬನ ಜಾಣತನದಿಂದ ಮಾತ್ರ ಕೆಲಸ ಮುಗಿಯದು. ಆಳಂದ ಅಫಜಲಪುರಗಳ ಕಡೆ ನೆಲದಡಿಯ ಕರಿಕಲ್ಲಿನಲ್ಲಿ ನೀರು ಬಿರುಕುಗಳಲ್ಲಿಯೂ ಶಿಥಿಲವಾದ ಪದರಗಳಲ್ಲಿಯೂ ಮಾತ್ರ ನಿಲ್ಲುತ್ತದೆ. ನೆರೆಯವನು ಕೊಳವೆಬಾವಿಯನ್ನು ಇನ್ನೂ ಆಳಕ್ಕೆ ಕೊರೆಸಿದರೆ ಅದೇ ಬಿರುಕಿನ ನೀರು ಅವನ ಕಡೆಗೆ ಇಳಿದು ಇವನ ಬಾವಿ ಬತ್ತಬಹುದು. ಇಬ್ಬರೂ ಸಾಲಗಾರರಾಗುವದಕ್ಕಿಂತ ಒಂದೇ ಬಾವಿಯ ನೀರನ್ನು ಸರದಿಯಿಂದ ಹಂಚಿಕೊಳ್ಳುವದು ಲೇಸಲ್ಲವೋ?

ಬಾವಿಯ ಬಳಿಯಲ್ಲಿ ಕೊಡ ಹಿಡಿದು, ಮೇಲಿನವರು ಬಂದು ನೀರು ಸುರಿಯುವ ವರೆಗೆ ದೂರ ನಿಂತಿದ್ದವರ ಮಕ್ಕಳು ನಮ್ಮಲ್ಲಿ ಅನೇಕರಿದ್ದೇವೆ. 1927ನೆಯ ಮಾರ್ಚಿನಲ್ಲಿ ಮಹಾಡದ ಚವದಾರ ಕೆರೆಯ ನೀರನ್ನು ಮುಟ್ಟುವದಕ್ಕೆ ಅಂಬೇಡ್ಕರರು ಜನರನ್ನು ನಡಿಸಬೇಕಾಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು ಸಾರ್ವಜನಿಕ ಬಾವಿ ಕೆರೆಗಳಲ್ಲಿ ಜಾತಿಭೇದವನ್ನು ನಿಷೇಧಿಸಿತು. ಇಂಥಾ ನಾವೇ ನಮ್ಮ ಓಣಿಯ ನಳದಲ್ಲಿ ಇವರು ಮೊದಲು, ಅವರು ಆಮೇಲೆ ಎಂದು ಮನೆತನ ನೋಡಿ ಸರದಿ ಹಚ್ಚಿದರೆ ಏನನ್ನಬೇಕು? ಸರದಿಯನ್ನು ಬಂದ ಕ್ರಮದಿಂದ ಹಚ್ಚಿರಿ. ಮುದುಕರಿಗೂ ಬಸುರಿಯರಿಗೂ ಮಾತ್ರ ಮುಂದೆ ಬಿಡಿರಿ.

ಬೀಜದ ವಿಷಯವೂ ಹಾಗೆಯೇ. ಪುಂಡಿಪಲ್ಲೆ ಸ್ವಲ್ಪ ನೀರಿನಲ್ಲಿ ಬೆಳೆಯುತ್ತದೆ. ಅದರ ಬೀಜಕ್ಕಾಗಿ ಎರಡು ಗಿಡಗಳನ್ನು ಕೊಯ್ಯದೆ ಬಿಟ್ಟು, ಒಣಗಿದ ಬೀಜವನ್ನು ಬೂದಿಯಲ್ಲಿ ಬೆರಸಿ ಇಡಿರಿ. ಗಡಿಗೆ ಕೊಳ್ಳಲಾರದ ಮನೆಯವರಿಗೆ ಮೊದಲ ಮಳೆಗಿಂತ ಮುಂಚೆಯೇ ಅದನ್ನು ಮುಟ್ಟಿಸಬೇಕು, ಯಾಕಂದರೆ ಅವರ ಬಿತ್ತನೆಯು ಮಳೆಯನ್ನೇ ನಂಬಿರುತ್ತದೆ.