ಮಾತಾಡುವುದಾದರೆ ನಿನ್ನ ಷರತ್ತಿನ ಮೇಲೆ ಮಾತಾಡು

ಅಕ್ಕಾ, ನಾನು ನಂಜನಗೂಡು ತಾಲ್ಲೂಕಿನ ಕಳಲೆಯವಳು. ವಯಸ್ಸು 24, ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೆಲಸ. ಏಳನೇ ಕ್ಲಾಸಿನಲ್ಲಿದ್ದಾಗ ಹತ್ತಿರದ ನೆಂಟರೊಬ್ಬರು ನನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದರು. ಅದು ತಿಂಗಳುಗಟ್ಟಲೆ ನಡೆಯಿತು. ಈಗ ಇಂಥ ಹೆಣ್ಣುಮಕ್ಕಳ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿರುವ ತಂಡವೊಂದು ‘ಮುಖ ಮಸುಕು ಮಾಡ್ತೀವಿ, ಮಾತಾಡಿ’ ಎನ್ನುತ್ತಿದೆ. ನನಗೂ ಹೇಳಬೇಕು ಅನಿಸುತ್ತದೆ. ಅವ್ವ ಮಾತ್ರ ‘ಮುಚ್ಚಿರೋ ಮಡಕೇನ ಬೀದೀಲಿ ಯಾಕವ್ವಾ ಒಡೀತೀಯ’ ಅಂತ ಅಳುತ್ತಾಳೆ. ತಂಗಿಗೆ ಗಂಡು ನೋಡುತ್ತಿದ್ದಾರೆ. ಆ ಮನುಷ್ಯ ಇನ್ನೂ ನಮ್ಮ ಬೀದಿಯಲ್ಲೇ ಇದ್ದಾರೆ, ಹಬ್ಬಕ್ಕೆ ಮನೆಗೂ ಬರುತ್ತಾರೆ. ಅವರ ಮನೆಯಲ್ಲಿ ಈಗ ಮೊಮ್ಮಕ್ಕಳಿದ್ದಾರೆ. ಮಾತಾಡದಿದ್ದರೆ ನಾನು ಹೇಡಿಯೇ?
– ಹೆಸರು ಬೇಡ, ಕಳಲೆ

ತಂಗಿ, ನೀನು ಹೇಡಿಯಲ್ಲ. ತಲೆ ತಗ್ಗಿಸಬೇಕಾದವನು ಹಬ್ಬಕ್ಕೆ ಬಂದು ಊಟ ಮಾಡಿಕೊಂಡು ಹೋಗುತ್ತಿದ್ದಾನೆ. ನೀನು ಅವನಿಗೂ ನೀರು ಕೊಟ್ಟು, ಮಾರನೇ ದಿನ ಕೆಲಸಕ್ಕೂ ಹೋಗಿದ್ದೀಯಲ್ಲ, ಇನ್ಯಾವ ಧೈರ್ಯವನ್ನು ತೋರಿಸಬೇಕು? ಕೇಂದ್ರ ಸರ್ಕಾರ 2007ರಲ್ಲಿ ಹೊರತಂದ 13 ರಾಜ್ಯಗಳ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ತಮ್ಮ ಮೇಲೆ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಎಂದಿದ್ದರು. ಮಾಡಿದವರಲ್ಲಿ ಬಹಳ ಮಂದಿ ಗೊತ್ತಿದ್ದವರೇ. ನಿನ್ನ ಬೀದಿಯಲ್ಲೇ ನಿನ್ನಂಥ ಇನ್ನೊಬ್ಬಳು ಇರಬಹುದು.

ಚಿತ್ರದ ವಿಷಯಕ್ಕೆ ಬರುತ್ತೇನೆ. ಮುಖ ಮಸುಕು ಮಾಡಿದರೆ ಸಾಕು ಎನ್ನುವ ಮಾತು ದೊಡ್ಡ ಪಟ್ಟಣದಲ್ಲಿ ನಡೆದೀತು. ಕಳಲೆಯಲ್ಲಿ ಒಂದು ಕೆಮ್ಮು ಕೇಳಿದರೂ ಯಾರ ಮನೆ ಮಗಳು ಅಂತ ಗೊತ್ತಾಗುತ್ತದೆ. ನಿನ್ನ ನಡಿಗೆ, ಕೈಬಳೆ, ಮನೆಯ ಜಗಲಿ, ಹಿಂದೆ ಒಂದು ಕ್ಷಣ ಕಂಡ ಲಕ್ಷ್ಮೀಕಾಂತಸ್ವಾಮಿ ಗುಡಿ, ಇಷ್ಟರಲ್ಲಿ ಯಾವುದಾದರೂ ಒಂದು ಸಾಕು. ಹಾಗಾಗಿ ಹೆಸರು ಹೊರಗೆ ಬರಬಾರದು ಎನ್ನುವುದಾದರೆ ಚಿತ್ರೀಕರಣ ಊರಲ್ಲಿ ಬೇಡ, ನಿನ್ನ ಮಾತನ್ನು ಬೇರೊಬ್ಬರು ಹೇಳಲಿ, ಊರು, ಶಾಲೆ, ಕಾರ್ಖಾನೆ, ನೆಂಟಸ್ತಿಕೆ ಯಾವುದರ ಸುಳಿವೂ ಇರದಿರಲಿ. ಅವನ ಹೆಸರನ್ನೂ ಚಿತ್ರದಲ್ಲಿ ಹೇಳಬೇಡ. ನೆಂಟನ ಹೆಸರು ಹೇಳಿದರೆ ನಿನ್ನ ಹೆಸರೇ ಹೇಳಿದಂತೆ. ಜೊತೆಗೆ, ಕೋರ್ಟಿನಲ್ಲಿ ಸಾಬೀತಾಗುವ ಮೊದಲೇ ಹೆಸರು ಹೇಳಿದರೆ ಅವನು ಮಾನನಷ್ಟದ ಮೊಕದ್ದಮೆ ಹಾಕಬಹುದು.

ಕಾನೂನು ನಿನ್ನ ಕಡೆ ಇದೆ. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅತ್ಯಾಚಾರಕ್ಕೆ ಒಳಗಾದವಳ ಗುರುತು ಬಯಲು ಮಾಡುವುದು ಅಪರಾಧ. ವಯಸ್ಕಳಾದವಳು ತಾನಾಗಿ ಬರೆದು ಒಪ್ಪಿಗೆ ಕೊಟ್ಟರೆ ವಿನಾಯಿತಿ ಉಂಟು. ನಿನಗಾಗ ಹನ್ನೆರಡು ವರ್ಷವಿದ್ದುದರಿಂದ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 23ನೇ ಕಲಂ ಕೂಡ ಬರುತ್ತದೆ. ಮಗುವಿನ ಮನೆ, ಶಾಲೆ, ನೆರೆಹೊರೆ ಯಾವುದನ್ನೂ ಮಾಧ್ಯಮ ಬಯಲು ಮಾಡಬಾರದು ಎನ್ನುತ್ತದೆ ಅದು. ವಯಸ್ಕಳ ಒಪ್ಪಿಗೆಯನ್ನು ಮಾನ್ಯ ಮಾಡುವ ಕಲಂಗೂ ಮಗುವಿನ ಗುರುತು ಕಾಯುವ ಕಲಂಗೂ ನಡುವೆ ತೊಡಕುಂಟು. ನಿರ್ದೇಶಕಿ ನಿಶಾ ಪಾಹುಜಾ ಅವರ ‘ಟು ಕಿಲ್ ಎ ಟೈಗರ್’ ಸಾಕ್ಷ್ಯಚಿತ್ರ ಅದಕ್ಕೆ ಸಾಕ್ಷಿ. ಜಾರ್ಖಂಡದ 13 ವರ್ಷದ ಹುಡುಗಿಯ ಮೇಲೆ ಅತ್ಯಾಚಾರವಾದಾಗ ಊರವರು ಅತ್ಯಾಚಾರಿಗಳಲ್ಲೊಬ್ಬನಿಗೇ ಮದುವೆ ಮಾಡಿಕೊಡಿ ಎಂದರು, ಬಡ ರೈತನಾದ ಅಪ್ಪ ಒಪ್ಪದೆ ಕೋರ್ಟಿಗೆ ಹೋಗಿ ಗೆದ್ದ. ಹುಡುಗಿಯ ಮುಖ ಮರೆಮಾಡುವ ಯೋಚನೆ ನಿರ್ದೇಶಕಿಗಿತ್ತು. 18 ತುಂಬಿದ ಮೇಲೆ ಆಕೆಯೇ ಚಿತ್ರ ನೋಡಿ ಮುಖ ಕಾಣಿಸಲಿ ಎಂದಳು. 2024ರಲ್ಲಿ ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ಅದೇ ವರ್ಷ, ಅಪ್ರಾಪ್ತಳ ಗುರುತು ಬಯಲಾಗಿದೆ ಎಂಬ ಅರ್ಜಿ ದೆಹಲಿ ಹೈಕೋರ್ಟಿಗೆ ಹೋಯಿತು. ಆದ್ದರಿಂದ ಸಹಿ ಹಾಕುವ ಮೊದಲು ನಿನ್ನದೇ ವಕೀಲರನ್ನು ಕಾಣು. ಮೈಸೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಈ ನೆರವು ಉಚಿತ, ಆದಾಯ ಎಷ್ಟೇ ಇರಲಿ.

ಆ ಕತೆಯಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಆಸ್ಕರ್ ಅಲ್ಲ. ಆ ಹುಡುಗಿಗೆ ಕಾಯುವ ಸಮಯ ಸಿಕ್ಕಿತು, ಚಿತ್ರ ನೋಡಿ ಬೇಕು ಬೇಡ ಎನ್ನುವ ಅವಕಾಶ ಸಿಕ್ಕಿತು. ಅದು ಸಿಗದಿದ್ದರೆ ಏನಾಗುತ್ತದೆ ಅನ್ನುವುದು ನಮ್ಮ ಗಡಿಯಲ್ಲೇ ನಡೆದಿದೆ. ದೇವದಾಸಿ ಹೆಣ್ಣುಮಕ್ಕಳ ಬಗ್ಗೆ 2010ರಲ್ಲಿ ‘ಪ್ರಾಸ್ಟಿಟ್ಯೂಟ್ಸ್ ಆಫ್ ಗಾಡ್’ ಎಂಬ ಚಿತ್ರ ಬಂದಾಗ, ಸಾಂಗ್ಲಿಯ ಲೈಂಗಿಕ ಕಾರ್ಯಕರ್ತೆಯರ ಸಂಘಟನೆಯಾದ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತಿನವರು ನಮ್ಮನ್ನು ತಪ್ಪಾಗಿ ತೋರಿಸಿದ್ದಾರೆ ಎಂದು ತಾವೇ ಕ್ಯಾಮೆರಾ ಮುಂದೆ ಕೂತು ಉತ್ತರ ಕೊಟ್ಟರು. ಅವರ ಬೆನ್ನಿಗೆ ಸಂಘಟನೆ ಇತ್ತು. ನಿನಗೆ ಅಂಥ ಬೆಂಬಲ ಇನ್ನೂ ಇಲ್ಲ. ಹಾಗಾಗಿ ನಿನ್ನ ಭಾಗವನ್ನು ಪೂರ್ತಿ ತೋರಿಸಬೇಕು, ಬಿಡುಗಡೆಗೆ ಮೊದಲು ಯಾವಾಗ ಬೇಡ ಎಂದರೂ ತೆಗೆಯಬೇಕು, ಎಲ್ಲೆಲ್ಲಿ ತೋರಿಸುತ್ತಾರೆಂದು ಹೇಳಬೇಕು. ಇಷ್ಟನ್ನೂ ಕನ್ನಡದಲ್ಲಿ ಬರೆದುಕೊಡಲಿ. ಒಮ್ಮೆ ಇಂಟರ್‌ನೆಟ್ಟಿಗೆ ಹೋದ ಮೇಲೆ ವಾಪಸು ತರಲಾಗುವುದಿಲ್ಲ. ಬರೆದುಕೊಡಲು ಹಿಂಜರಿದರೆ ಅವರಿಗೆ ಬೇಕಾದದ್ದು ನಿನ್ನ ಕಣ್ಣೀರು, ನೀನಲ್ಲ.

ಚಿತ್ರಕ್ಕಿಂತ ಅವಸರದ್ದು ಇನ್ನೊಂದಿದೆ. ಆ ಮನೆಯ ಮೊಮ್ಮಕ್ಕಳು. ಸಾಕ್ಷ್ಯಚಿತ್ರ ಮುಗಿಯಲು ವರ್ಷಗಳು ಹಿಡಿಯುತ್ತವೆ, ಆ ಮಕ್ಕಳಿಗೆ ಅಷ್ಟು ಸಮಯವಿಲ್ಲ. ಅಲ್ಲೂ ಹಾಗೆ ನಡೆಯುತ್ತಿದೆ ಎಂಬ ಅನುಮಾನ ಬಂದರೆ ಆ ಕ್ಷಣವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು. ನಿನ್ನ ದೂರಿಗೂ ಕಾಲ ಮೀರಿಲ್ಲ. ಪೋಕ್ಸೊ ಅಡಿ ದೂರಿಗೆ ಕಾಲಮಿತಿ ಇಲ್ಲ ಎಂದು ಕೇಂದ್ರ ಸರ್ಕಾರ 2018ರಲ್ಲೇ ಸ್ಪಷ್ಟಪಡಿಸಿದೆ. ದೂರು ಕೊಡುವ ಮನಸ್ಸಿದ್ದರೆ ಅದನ್ನು ಮೊದಲು ಕೊಡು. ಕ್ಯಾಮೆರಾ ಮುಂದೆ ಆಡಿದ ಮಾತಿಗೂ ಕೋರ್ಟಿನ ಮಾತಿಗೂ ಒಂದಿಷ್ಟು ವ್ಯತ್ಯಾಸ ಕಂಡರೂ ಎದುರು ವಕೀಲರು ಅದನ್ನೇ ಹಿಡಿಯುತ್ತಾರೆ.

ಅವ್ವನ ಮೇಲೆ ಕೋಪ ಬೇಡ. ಮಗಳನ್ನು ಕಾಪಾಡಲಾಗಲಿಲ್ಲ ಎಂಬ ಸಂಕಟವೂ ಆ ಅಳುವಿನಲ್ಲಿದೆ. ತಂಗಿಗೆ ಮಾತ್ರ ನೀನೇ ಹೇಳು, ಬೇರೆಯವರ ಬಾಯಿಂದ ಕೇಳುವಂತಾಗಬಾರದು. ಈ ಹಬ್ಬಕ್ಕೆ ಅವನು ಬರುವುದಾದರೆ ನಾನು ಮನೆಯಲ್ಲಿರುವುದಿಲ್ಲ ಅಂತ ಅವ್ವನಿಗೆ ಹೇಳು. ನಿನ್ನ ಮೊದಲ ಮಾತು ಅದೇ ಆಗಬಹುದು.

ಹಳೆಯದನ್ನೆಲ್ಲ ಹೇಳಿ ಬಂದ ರಾತ್ರಿ ನಿದ್ದೆ ಬರದೆ ಹೋಗಬಹುದು, ಮೈ ನಡುಗಬಹುದು. ಕ್ಯಾಮೆರಾದವರು ಅಷ್ಟು ಹೊತ್ತಿಗೆ ಹೊರಟುಹೋಗಿರುತ್ತಾರೆ. ಆದ್ದರಿಂದ ಮೊದಲು ಒಬ್ಬ ಆಪ್ತ ಸಮಾಲೋಚಕಿಯ ಮುಂದೆ, ಕ್ಯಾಮೆರಾ ಇಲ್ಲದೆ, ಕೊನೆಯವರೆಗೂ ಹೇಳಿ ನೋಡು. ಮಹಿಳಾ ಸಹಾಯವಾಣಿ 181, ಮನಸ್ಸಿನ ಆರೋಗ್ಯಕ್ಕೆ ಟೆಲಿ ಮನಸ್ 14416, ಎರಡೂ ಉಚಿತ. ಅಲ್ಲಿಯವರೆಗೆ ಆ ತಂಡಕ್ಕೆ ‘ಯೋಚಿಸ್ತಿದ್ದೀನಿ’ ಅಂತಷ್ಟೇ ಹೇಳು, ಯಾವ ಕಾಗದಕ್ಕೂ ಸಹಿ ಹಾಕಬೇಡ.